ಕೆಮ್ಮಣ್ಣಿನ ಬಯಕೆ

ನನ್ನ ಸೊಸೆ ಸೀತಾ ಮಣ್ಣು ತಿನ್ನುತ್ತಾಳೆಂದು ನನಗೆ ಗೊತ್ತಾದದ್ದು ೧೯೮೭ರ ಶ್ರಾವಣದಲ್ಲಿ. ರಂಗೋಲಿಗೆ ಅಂಚು ಬಳಿಯಲು ಅಟ್ಟೂರಿನ ಕಡೆಯಿಂದ ತರಿಸಿದ್ದ ಕೆಮ್ಮಣ್ಣನ್ನು ಹಿತ್ತಲಲ್ಲಿ ಒಂದು ಡಬ್ಬದಲ್ಲಿ ಇಟ್ಟಿದ್ದೆ. ಶುಕ್ರವಾರ ಬೆಳಿಗ್ಗೆ ಮುಚ್ಚಳ ತೆಗೆದರೆ ಅರ್ಧ ಖಾಲಿ. ಆರ್.ಟಿ. ನಗರದ ಇಲಿಗಳು ಮಣ್ಣು ತಿನ್ನುವಷ್ಟು ಗತಿಗೆಟ್ಟಿಲ್ಲ. ತಿರುಗಿ ನೋಡಿದರೆ ಸೀತಾ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದಳು. ತುಟಿಯ ಮೂಲೆಯಲ್ಲಿ ಇನ್ನೂ ಕೆಂಪು ಉಳಿದಿತ್ತು.

ಬೈಯುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ರಾಮಲಕ್ಷ್ಮಮ್ಮನ ಬಾಯಿಗೆ ಸಿಕ್ಕಬೇಡಿ ಎಂದು ನಮ್ಮ ಬೀದಿಯ ಹಾಲಿನವನೇ ಹೊಸಬರಿಗೆ ಹೇಳಿಕೊಡುತ್ತಾನೆ. ಆದರೆ ಅವತ್ತು ನಾನು ತುಟಿ ಪಿಟಕ್ಕೆನ್ನಲಿಲ್ಲ. ಹೆಂಗಸರು ತಿಂಗಳಿಗೆ ಮೂರು ದಿನ ಹೊರಗೆ ಕೂರುವ ಪದ್ಧತಿ ನಮ್ಮ ಮನೆಯಲ್ಲಿ ಇನ್ನೂ ನಡೆಯುತ್ತಿತ್ತು. ಸೀತಾ ಹಿಂದಿನ ತಿಂಗಳು ಕೂತಿರಲಿಲ್ಲ, ಅದರ ಹಿಂದಿನ ತಿಂಗಳೂ ಕೂತಿರಲಿಲ್ಲ. ಮುಖ ಬಿಳಿಚಿಕೊಂಡಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದಳು. ಈಗ ನೋಡಿದರೆ ಮಣ್ಣಿನ ಬಯಕೆ. ನನ್ನ ಮಗ ಶೇಷಗಿರಿ ಹೊಟ್ಟೆಯಲ್ಲಿದ್ದಾಗ ಗೋಡೆಯ ಸುಣ್ಣ ಕೆರೆದು ತಿಂದವಳು ನಾನು, ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮದುವೆಯಾಗಿ ಆರು ವರ್ಷಕ್ಕೆ ಬಂದ ಭಾಗ್ಯ. ಮೂರು ತಿಂಗಳು ತುಂಬುವ ತನಕ ಬಾಯಿ ಬಿಡಬಾರದು, ದೃಷ್ಟಿಯಾಗುತ್ತದೆ ಎನ್ನುತ್ತಾರೆ ನಮ್ಮವರು. ಬಸುರಾದವಳೇ ಹೇಳುವವರೆಗೆ ಅತ್ತೆ ಕೇಳುವಂತೆಯೂ ಇಲ್ಲ. ಹಾಗಾಗಿ ನಾನು ಮಗನಿಗೂ ಹೇಳಲಿಲ್ಲ, ಸೀತಾಳನ್ನೂ ಕೇಳಲಿಲ್ಲ. ಮತ್ತಷ್ಟು ಮಣ್ಣು ತರಿಸಿ, ಕಲ್ಲು ಆರಿಸಿ, ಡಬ್ಬ ತುಂಬಿಸಿಟ್ಟೆ.

ಸೀತಾಳಿಗೆ ಮೊದಲಿಂದಲೂ ಕರುಳಿನ ಕಾಯಿಲೆ. ದೊಡ್ಡ ಕರುಳಿನ ಒಳಗೆಲ್ಲ ಉರಿಯೆದ್ದು ಹುಣ್ಣಾಗುತ್ತದೆ, ಮಾತ್ರೆಗೆ ತಗ್ಗುತ್ತದೆ, ಮತ್ತೆ ಕೆರಳುತ್ತದೆ. ಪೂರ್ತಿ ಬಿಟ್ಟು ಹೋಗುವ ಜಾತಿಯದಲ್ಲ. ಆ ಹುಡುಗಿ ಮದುವೆಮನೆಗೆ ಹೋದರೂ ಮೊದಲು ಹುಡುಕುವುದು ಬಚ್ಚಲು ಎಲ್ಲಿದೆ ಎಂದು. ಇಷ್ಟಿದ್ದೂ ಒಂದು ದಿನ ಮುಖ ಗಂಟು ಹಾಕಿಕೊಂಡವಳಲ್ಲ.

ಗೌರಿ ಹಬ್ಬದ ಮಾರನೇ ದಿನ ಅಡುಗೆಮನೆಯಲ್ಲಿ ದಡ್ ಎಂದು ಬಿದ್ದಳು. ಆಟೋದಲ್ಲಿ ಹಾಕಿಕೊಂಡು ಹೆಬ್ಬಾಳದ ಹತ್ತಿರದ ಆಸ್ಪತ್ರೆಗೆ ಓಡಿದೆವು. ಕರುಳಿಗೆ ಔಷಧಿ ಕೊಡುತ್ತಿದ್ದ ಡಾಕ್ಟರ್ ಮೊಯಿನುದ್ದೀನ್ ಅಲ್ಲೇ ಇದ್ದರು. ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದವರೇ ತಕ್ಷಣ ಸೇರಿಸಿಕೊಂಡರು. ಮೈಯಲ್ಲಿ ಇರಬೇಕಾದ ರಕ್ತದಲ್ಲಿ ಅರ್ಧವೂ ಇರಲಿಲ್ಲ. ಕಬ್ಬಿಣದ ಅಂಶ ಎಷ್ಟಿದೆ ನೋಡಲು ರಕ್ತ ತೆಗೆದು ಬೊಂಬಾಯಿಗೆ ಕಳಿಸಿದರು. ಆ ವರದಿ ಬರುವವರೆಗೆ ವಾರ್ಡಿನ ಬೆಂಚಿನ ಮೇಲೆ ಕೂತು ನಾನು ಒಳಗೊಳಗೇ ಹರಕೆ ಹೊತ್ತುಕೊಂಡೆ. ಬಸುರಿಯರಿಗೆ ರಕ್ತ ಕಡಿಮೆಯಾಗುವುದು ಇದ್ದದ್ದೇ ಎಂದು ಸಮಾಧಾನವನ್ನೂ ಹೇಳಿಕೊಂಡೆ.

ವರದಿ ಬಂತು. ಸರ್ಜನ್ ಜೊತೆಗೆ ಬಂದು ಡಾಕ್ಟರ್ ಮೊಯಿನುದ್ದೀನ್ ನನ್ನ ಮಗನನ್ನು ಕೂರಿಸಿಕೊಂಡರು.

"ಕಬ್ಬಿಣ ಕಡಿಮೆಯಿಲ್ಲ, ಶೇಷಗಿರಿ. ಕಬ್ಬಿಣ ಇದ್ದೂ ಮೈ ರಕ್ತ ಮಾಡ್ತಿಲ್ಲ ಅಂದ್ರೆ, ಕರುಳಿನ ಉರಿ ಅಷ್ಟು ಜೋರಾಗಿದೆ ಅಂತ ಅರ್ಥ. ಮಾತ್ರೆ ಕೈ ಕೊಟ್ಟಿದೆ."

ಮುಂದಿನದನ್ನು ಸರ್ಜನ್ ಹೇಳಿದರು. ದೊಡ್ಡ ಕರುಳನ್ನು ಪೂರ್ತಿ ತೆಗೆಯಬೇಕು. ಹೊಟ್ಟೆಗೆ ತೂತು ಮಾಡಿ ಅಲ್ಲೊಂದು ಚೀಲ ಕಟ್ಟುತ್ತಾರೆ, ಹೊರಕಡೆ ಹೋಗುವುದೆಲ್ಲ ಅದರಲ್ಲೇ, ಸಾಯುವ ತನಕ. ಇವತ್ತೇ ಆಪರೇಷನ್. ಇಷ್ಟು ಕಡಿಮೆ ರಕ್ತದಲ್ಲಿ ಅಪಾಯ ಇದ್ದೇ ಇದೆ ಎಂದೂ ಸೇರಿಸಿದರು. ಶೇಷಗಿರಿ ಪೆನ್ನು ತೆಗೆದುಕೊಂಡ. ಒಪ್ಪಿಗೆ ಪತ್ರಕ್ಕೆ ಇನ್ನೇನು ಸಹಿ ಹಾಕಬೇಕು, ನಾನು ಎದ್ದು ಹೋಗಿ ಅವನ ಕೈಯಿಂದ ಪೆನ್ನು ಕಿತ್ತುಕೊಂಡೆ.

"ಅಮ್ಮಾ, ಏನ್ ಮಾಡ್ತಿದ್ದೀಯ?"

"ಸಹಿ ಹಾಕ್ಬೇಡ ಕಣೋ. ಅವಳು ಬಸುರಿ."

ಶೇಷಗಿರಿ ನನ್ನನ್ನು ನೋಡಿದ ರೀತಿ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಆ ಸಂಕಟದ ನಡುವೆಯೂ ಅವನ ಮುಖ ಅರಳಿಬಿಟ್ಟಿತ್ತು. ಡಾಕ್ಟರು ಓಡಿಹೋಗಿ ಸೀತಾಳ ಮೂತ್ರ ತೆಗೆಸಿ ಪರೀಕ್ಷೆಗೆ ಕಳಿಸಿದರು. ನಾವಿಬ್ಬರೂ ಲ್ಯಾಬಿನ ಬಾಗಿಲ ಮುಂದೆ ನಿಂತೆವು. ಶೇಷಗಿರಿ ಹತ್ತು ಸಲ ಕನ್ನಡಕ ಒರೆಸಿದ. ನನಗೆ ದೇವರ ಹೆಸರೂ ಬಾಯಿಗೆ ಬರಲಿಲ್ಲ.

ಬಸುರಿಲ್ಲ ಎಂದು ಬಂತು.

"ಕಾಯಿಲೆ ಜೋರಾದಾಗ ಮುಟ್ಟು ನಿಲ್ಲೋದುಂಟು," ಎಂದರು ಸರ್ಜನ್, ಗಡಿಯಾರ ನೋಡುತ್ತ. "ಸಹಿ ಹಾಕಿಬಿಡಿ. ಹೊತ್ತಾಗ್ತಿದೆ."

ನನ್ನ ಪಿತ್ತ ನೆತ್ತಿಗೇರಿತು. "ನಿಮ್ಮ ಪರೀಕ್ಷೆಗೆ ಬೆಂಕಿ ಹಾಕ! ಮೂರು ಹೆತ್ತು ಒಂದನ್ನ ಉಳಿಸ್ಕೊಂಡವಳು ನಾನು, ನನಗೆ ಹೇಳಿಕೊಡ್ತೀರಾ? ಬಸುರಿಲ್ಲದೆ ಯಾರಾದ್ರೂ ಡಬ್ಬಗಟ್ಟಲೆ ಕೆಮ್ಮಣ್ಣು ತಿಂತಾರೇನ್ರೀ?"

ಬಾಗಿಲ ಹತ್ತಿರ ಹೋಗಿದ್ದ ಡಾಕ್ಟರ್ ಮೊಯಿನುದ್ದೀನ್ ಅಲ್ಲೇ ನಿಂತರು.

"ಏನಂದ್ರಿ ಅಮ್ಮಾ? ಏನ್ ತಿಂತಾಳೆ?"

"ಮಣ್ಣು. ರಂಗೋಲಿಗೆ ಇಟ್ಟಿದ್ದು."

ಅವರು ನೇರ ಸೀತಾಳ ಮಂಚಕ್ಕೆ ಹೋದರು. ನಾನು ಹಿಂದೆಯೇ ಓಡಿದೆ. ಸೀತಾ ನನ್ನನ್ನು ನೋಡಿ ತಲೆ ತಗ್ಗಿಸಿದಳು. ಅವರು ಎರಡು ಸಲ ಕೇಳಿದ ಮೇಲೆ, "ಹೌದು ಡಾಕ್ಟ್ರೇ. ಹಸಿ ಅಕ್ಕೀನೂ ತಿಂತೀನಿ. ತಡೆಯೋಕ್ಕಾಗಲ್ಲ," ಎಂದಳು.

"ಎಷ್ಟು ದಿನದಿಂದ?"

"ಯುಗಾದಿಯಿಂದ."

ಯುಗಾದಿ! ಆಗ ಅವಳು ತಪ್ಪದೆ ಹೊರಗೆ ಕೂರುತ್ತಿದ್ದಳು. ನನ್ನ ಲೆಕ್ಕವೆಲ್ಲ ಅಲ್ಲಿಗೇ ನೆಲಕಚ್ಚಿತು. ಮಂಚದ ಕಂಬಿ ಹಿಡಿದುಕೊಂಡು ನಿಂತೆ. ಡಾಕ್ಟರು ಮಾತ್ರ ಬೊಂಬಾಯಿಯ ವರದಿಯನ್ನು ಮತ್ತೆ ತೆಗೆದು ನೋಡುತ್ತಿದ್ದರು.

"ಮೈಗೆ ಕಬ್ಬಿಣ ಸಾಲದೆ ಹೋದಾಗ ಹೀಗೆ ಮಣ್ಣು ತಿನ್ಬೇಕು ಅನ್ಸುತ್ತೆ," ಎಂದರು ಸರ್ಜನ್ ಕಡೆ ತಿರುಗಿ. "ಈ ಪರೀಕ್ಷೆ ನೋಡೋದು ಕಬ್ಬಿಣದ ಉಗ್ರಾಣನ. ಆದ್ರೆ ಕರುಳು ಉರೀತಿರೋವಾಗ ಈ ಅಂಕಿ ತಾನಾಗೇ ಮೇಲೇರುತ್ತೆ. ಉಗ್ರಾಣ ಖಾಲಿ ಇದ್ರೂ ತುಂಬಿದೆ ಅಂತ ತೋರ್ಸಿರಬಹುದು. ನಾನು ಇದನ್ನ ನಂಬಿ ಕಬ್ಬಿಣ ಕೊಡೋದೇ ಬೇಡ ಅಂದ್ಕೊಂಡೆ."

"ಯಾರೋ ಮಣ್ಣು ತಿಂದ್ರು ಅಂತ ಆಪರೇಷನ್ ನಿಲ್ಲಿಸೋಕಾಗುತ್ತಾ?" ಸರ್ಜನ್ ಧ್ವನಿ ಏರಿತು. "ಕಾಯ್ತಾ ಕೂತು ಕರುಳು ಒಡೆದ್ರೆ ಯಾರ್ ಹೊಣೆ?"

"ನಾನು. ನಾಳೆವರೆಗೆ ಟೈಮ್ ಕೊಡಿ. ಮೂಳೆ ಒಳಗಿನ ಮಜ್ಜೆ ತೆಗೆದು ನೋಡ್ತೀನಿ. ಅದು ಸುಳ್ಳು ಹೇಳಲ್ಲ."

ಶೇಷಗಿರಿ ಒಮ್ಮೆ ಇವರ ಮುಖ, ಒಮ್ಮೆ ಅವರ ಮುಖ ನೋಡಿದ. ಒಬ್ಬರು ಇವತ್ತೇ ಕೊಯ್ಯದಿದ್ದರೆ ಸಾಯುತ್ತಾಳೆ ಎನ್ನುತ್ತಾರೆ, ಇನ್ನೊಬ್ಬರು ಕಾಯೋಣ ಎನ್ನುತ್ತಾರೆ. ಕೊನೆಗೆ ಅವನು ನನ್ನ ಕಡೆ ತಿರುಗಿದ. ಅಷ್ಟು ಹೊತ್ತು ಆಸ್ಪತ್ರೆಯೇ ಅದುರುವಂತೆ ಕೂಗಾಡಿದವಳು ಆಗ ಕಿತ್ತುಕೊಂಡಿದ್ದ ಪೆನ್ನನ್ನು ಅವನ ಕೈಗೇ ವಾಪಸ್ ಇಟ್ಟೆ. ನಾನು ಹೇಳಿದ್ದು ಒಂದು ಆಗಲೇ ಸುಳ್ಳಾಗಿತ್ತು. ಇನ್ನೊಂದನ್ನು ಹೇಳಿ ಸೊಸೆಯನ್ನು ಕಳೆದುಕೊಂಡರೆ?

ಕೊನೆಗೆ ಮಾತಾಡಿದವಳು ಸೀತಾ. "ಮಜ್ಜೆ ತೆಗೀರಿ ಡಾಕ್ಟ್ರೇ."

ಸೊಂಟದ ಮೂಳೆಗೆ ದಪ್ಪ ಸೂಜಿ ಚುಚ್ಚಿ ತೆಗೆದರು. ಅವಳು ನನ್ನ ಕೈ ಹಿಡಿದುಕೊಂಡಿದ್ದಳು. ಬಳೆ ಒಡೆಯುವಷ್ಟು ಬಿಗಿಯಾಗಿ ಹಿಡಿದಳೇ ಹೊರತು ಕೂಗಲಿಲ್ಲ. ಆಮೇಲೆ ಇಡೀ ದಿನ ನರ್ಸ್ ಬಂದು ಹೊಟ್ಟೆ ಮುಟ್ಟಿ ನೋಡಿದಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು. ಸಂಜೆ ಅವಳಿಗೆ ಸ್ವಲ್ಪ ಜ್ವರ ಬಂತು. ಸರ್ಜನ್ ಬಂದು ನೋಡಿ, ಚೀಟಿಯಲ್ಲಿ ಏನೋ ಬರೆದು ಹೋದರು. ನಾನು ಗಂಜಿ ಕುಡಿಸಿದೆ. ಅವಳು ಅರ್ಧ ಕುಡಿದು ಮುಖ ತಿರುಗಿಸಿದಳು.

ಮಾರನೇ ದಿನ ಮಧ್ಯಾಹ್ನ ಡಾಕ್ಟರ್ ಮೊಯಿನುದ್ದೀನ್ ಬಂದರು. ಅವರು ನಗುತ್ತಿರಲಿಲ್ಲ, ಹಾಗಾಗಿ ನಾನು ಕಣ್ಣು ಮುಚ್ಚಿಕೊಂಡೆ.

"ಕಬ್ಬಿಣ ಇದ್ದಿದ್ರೆ ಬಣ್ಣ ಹಾಕಿದಾಗ ಮಜ್ಜೆಯಲ್ಲಿ ನೀಲಿ ಕಾಣ್ಬೇಕು. ಹುಡುಕಿ ಹುಡುಕಿ ಸಾಕಾಯ್ತು, ಒಂದು ಚುಕ್ಕೆ ಇಲ್ಲ. ಉಗ್ರಾಣ ಪೂರ್ತಿ ಖಾಲಿ. ಕರುಳಿಂದ ದಿನಾ ಸ್ವಲ್ಪ ಸ್ವಲ್ಪ ರಕ್ತ ಹೋಗಿ ಹೋಗಿ ಹೀಗಾಗಿದೆ. ಉರಿ ನಾವು ಅಂದ್ಕೊಂಡಷ್ಟು ಇಲ್ಲ. ಇವತ್ತೇ ಕಬ್ಬಿಣದ ಇಂಜೆಕ್ಷನ್ ಶುರು ಮಾಡ್ತೀವಿ. ಕರುಳು ತೆಗೆಯೋದು ಬೇಡ."

ಶೇಷಗಿರಿ ಅವರ ಎರಡೂ ಕೈ ಹಿಡಿದುಕೊಂಡು ಮಗುವಿನಂತೆ ಅತ್ತ. ಆಮೇಲೆ ಔಷಧಿ ತರಲು ಹೊರಗೆ ಓಡಿದ. ನಾನು ಮಂಚದ ಪಕ್ಕ ಕೂತೆ. ಖುಷಿಯಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಖುಷಿಯ ಜೊತೆಗೇ ಎದೆಯಲ್ಲಿ ಇನ್ನೊಂದು ಸಂಕಟ ಕುಟ್ಟುತ್ತಿತ್ತು. ನಾನು ಆ ಮಗುವಿಗೆ ಹೆಸರನ್ನೂ ಹುಡುಕಿಟ್ಟಿದ್ದೆ.

"ಡಾಕ್ಟ್ರು ಪ್ರತಿ ಸಲ ಕೇಳ್ತಿದ್ರಲ್ಲೇ, ಬೇರೆ ಏನಾದ್ರೂ ತೊಂದರೆ ಇದ್ಯಾ ಅಂತ," ಎಂದೆ. "ಮಣ್ಣಿನ ವಿಷಯ ಯಾಕೆ ಬಾಯಿ ಬಿಡ್ಲಿಲ್ಲ? ನಾಚಿಕೆನಾ?"

"ಮೊದಲು ನಾಚಿಕೆ ಇತ್ತು ಅತ್ತೆ." ಅವಳು ಸೂರು ನೋಡುತ್ತಿದ್ದಳು. "ಆಮೇಲೆ ನೀವು ಡಬ್ಬ ತುಂಬಿಸಿಟ್ರಲ್ಲ. ಬೈಯ್ಲೂ ಇಲ್ಲ. ನಿಮಗೆ ಏನೋ ಗೊತ್ತಾಗಿದೆ ಅಂದ್ಕೊಂಡೆ. ಬಸುರಿರಬಹುದೇನೋ ಅಂತ ನಾನೂ ನಂಬಿದೆ. ಡಾಕ್ಟ್ರಿಗೆ ಹೇಳಿದ್ರೆ ಪರೀಕ್ಷೆ ಮಾಡಿ ಇಲ್ಲ ಅಂದ್ಬಿಡ್ತಾರಲ್ಲ ಅಂತ ಸುಮ್ನಿದ್ದೆ."

ಜೀವ ಹೋಗುತ್ತಿದ್ದರೂ ಬಾಯಿ ಬಿಡದೆ ಕೂತವಳಿಗೆ ಚೆನ್ನಾಗಿ ನಾಲ್ಕು ಬೈಯಬೇಕು ಎನಿಸಿತು. ಬೈಯಲೆಂದೇ ಬಾಯಿ ತೆರೆದೆ. ಅಳು ಬಂದುಬಿಟ್ಟಿತು.