ಅಲ್ಲಾಡದ ಕೆಂಪು ರೀಲು

ಬೇಸಿಗೆ ಮುಗಿಯುತ್ತ ಬಂದಿತ್ತು. ಶಾಲೆ ತೆರೆಯುವ ಮೊದಲು ಊರಿನ ಮಕ್ಕಳ ಸಮವಸ್ತ್ರವೆಲ್ಲ ಹೊಲಿದು ಮುಗಿಯಬೇಕು. ನಡುಮನೆಯಲ್ಲಿ ನೀಲಿ ಬಟ್ಟೆಯ ರಾಶಿ. ದರ್ಜಿ ಅಕ್ಕ ಬೆಳಗಿನಿಂದ ಮಿಷನ್ ತುಳಿಯುತ್ತಲೇ ಇದ್ದಳು. ಅವಳ ಅತ್ತೆ ಬಾಗಿಲ ಬೆಳಕಿಗೆ ಕೂತು ಗುಂಡಿ ಹಚ್ಚುತ್ತಿದ್ದಳು.

ಮೂಲೆಯಲ್ಲಿ ಮೈದುನ ಬಿಟ್ಟುಹೋದ ಹಳೆಯ ಕಂಪ್ಯೂಟರ್. ಅದರ ಮುಂದೆ ಆಟದಲ್ಲಿ ಮುಳುಗಿದ ನಾಲ್ಕು ವರ್ಷದ ಮಗಳು ಪಿಟ್ಟಿ. ಟಿ.ವಿ.ಯಲ್ಲಿ ಬರುವ ಬಾತಣ್ಣ ಎಂಬ ಬಾತುಕೋಳಿಯನ್ನೇ ಇಟ್ಟುಕೊಂಡು ಮಾಡಿದ ಕಲಿಕೆಯ ಆಟ ಅದು. ಬಾತಣ್ಣ ಬಣ್ಣ ಕೇಳುತ್ತಾನೆ, ಮಗು ಒತ್ತುತ್ತದೆ, ಸರಿಯಾದರೆ “ಭಲೇ ಮರಿ!” ಅನ್ನುತ್ತಾನೆ.

“ಅಮ್ಮಾ, ಬಾ ನೋಡು!”

“ಆಮೇಲೆ ಪುಟ್ಟಾ, ಈ ತೋಳೊಂದು ಮುಗೀಲಿ.”

ತೋಳು ಮುಗಿದರೆ ಕಾಲರ್ ಇರುತ್ತಿತ್ತು. ಕಂಪ್ಯೂಟರಿನ ಬೆನ್ನು ಮಿಷನ್ ಕಡೆಗಿತ್ತು. ಹಾಗಾಗಿ ಅಕ್ಕನಿಗೆ ಪರದೆ ಕಾಣುತ್ತಿರಲಿಲ್ಲ, ಕೇಳಿಸುತ್ತಿದ್ದುದು ಬರೀ “ಭಲೇ.” ಒಂದೊಂದು ಭಲೇಗೂ ಅವಳ ಎದೆ ಉಬ್ಬುತ್ತಿತ್ತು.

ಅಂದು ಶಿಶುವಿಹಾರದ ಟೀಚರ್ ಕಿಟಕಿ ಪರದೆ ಹೊಲಿಸಲು ಬಂದರು.

“ಪಿಟ್ಟೀನ ಈ ಸಲ ಕಳಿಸ್ತೀರಲ್ಲ, ಅಕ್ಕ?”

“ಕಳಿಸ್ತೀನಿ. ಆದ್ರೆ ನಿಮಗೆ ಕಲಿಸೋ ಕೆಲಸ ಉಳಿದಿಲ್ಲ ಬಿಡಿ. ಬಣ್ಣ ಎಲ್ಲ ನೀರು ಕುಡಿದ ಹಾಗೆ. ಬಾತಣ್ಣನೇ ನಮ್ಮನೆ ಮೇಷ್ಟ್ರು!”

“ಮೇಷ್ಟ್ರಂತೆ!” ಅತ್ತೆ ಹಲ್ಲಿನಿಂದ ದಾರ ಕಡಿದಳು. “ಮನೆಯಲ್ಲಿ ನಾವಿಬ್ಬರು ಇದ್ದೀವಿ, ಮಗು ಮಾತಾಡೋದು ಮಾತ್ರ ಬಾತಿನ ಜೊತೆ.”

“ನೀವು ಸುಮ್ನಿರಿ ಅತ್ತೆ. ಪಿಟ್ಟೀ, ಟೀಚರ್‌ಗೆ ಕೆಂಪು ರೀಲು ತಂದುಕೊಡು ನೋಡೋಣ.”

ಪಿಟ್ಟಿ ದಾರದ ಡಬ್ಬಿಯ ಮುಂದೆ ಕೂತಳು. ಕೈ ಮಡಿಲಲ್ಲಿ, ಕಣ್ಣು ರೀಲುಗಳ ಮೇಲೆ. ಮುಟ್ಟಲಿಲ್ಲ.

“ಕೆಂಪು ಕಣೇ! ಏನು ಕಂಬದ ಹಾಗೆ ಕೂತೆ?”

ಮಗು ಕದಲಲಿಲ್ಲ. ಟೀಚರ್ ನೋಡುತ್ತಿದ್ದಾರೆ. ಅಕ್ಕನ ಕಿವಿ ಬಿಸಿಯಾಯಿತು. ಎದ್ದು ಬಂದವಳೇ ಮಗಳ ತಲೆಗೊಂದು ಮೊಟಕಿದಳು. “ಮಾನ ಕಳೀತೀಯಲ್ಲೇ!”

ಪಿಟ್ಟಿ ಬಿಕ್ಕಿದಳು. “ಇನ್ನೂ ಅಲ್ಲಾಡ್ತಿಲ್ಲಮ್ಮ…”

“ಏನು ಅಲ್ಲಾಡಬೇಕು?”

“ಕೆಂಪು.”

ಟೀಚರ್ ಮಗುವಿನ ಕಣ್ಣೊರೆಸಿ ಕಂಪ್ಯೂಟರ್ ಮುಂದೆ ಕೂರಿಸಿದರು. ಅಕ್ಕ ಮೊದಲ ಸಲ ಮಗಳ ಬೆನ್ನ ಹಿಂದೆ ಬಂದು ನಿಂತಳು.

“ಕೆಂಪು ಬಲೂನು ಎಲ್ಲಿದೆ?” ಬಾತಣ್ಣ ಕೇಳಿದ. ಪಿಟ್ಟಿ ಕೈಕಟ್ಟಿ ಕಾದಳು. ಸ್ವಲ್ಪ ಹೊತ್ತಿಗೆ ಕೆಂಪು ಬಲೂನು ತಾನಾಗಿ ಅಲ್ಲಾಡತೊಡಗಿತು. ಒತ್ತಿದಳು. “ಭಲೇ ಮರಿ!”

ಹಸಿರಿಗೂ ಹಾಗೇ, ಹಳದಿಗೂ ಹಾಗೇ. ಮಗು ಕಲಿತದ್ದು ಬಣ್ಣವನ್ನಲ್ಲ, ಕಾಯುವುದನ್ನು.

ಅಕ್ಕನಿಗೆ ಮುಖ ಎಲ್ಲಿ ಇಟ್ಟುಕೊಳ್ಳಲಿ ಅನಿಸಿತು. ಸೆರಗಿನಿಂದ ಬೆವರೊರೆಸುವ ನೆಪದಲ್ಲಿ ಮುಖ ಮುಚ್ಚಿಕೊಂಡಳು. “ಹಾಳಾದ ಆಟ. ಇವತ್ತೇ ಕಿತ್ತು ಅಟ್ಟಕ್ಕೆ ಹಾಕ್ತೀನಿ.”

“ಆಟದ ತಪ್ಪಲ್ಲ ಅಕ್ಕ. ಗೊತ್ತಾಗದ ಮಗುಗೆ ಸುಳಿವು ಕೊಡೋಕೆ ಅದು ಅಲ್ಲಾಡುತ್ತೆ. ಪಕ್ಕದಲ್ಲಿ ಯಾರಾದರೂ ಕೂತು, ‘ನಮ್ಮನೇಲಿ ಕೆಂಪು ಯಾವುದಿದೆ?’ ಅಂತ ಕೇಳಿದ್ರೆ ಅದು ಪಾಠ. ಯಾರೂ ಇಲ್ಲದಿದ್ರೆ ಹೀಗೆ.”

“ನಿಮಗೇನು ಟೀಚರ್, ಹೇಳೋದು ಸುಲಭ. ನಾನು ಅಲ್ಲಿ ಕೂತ್ರೆ ಈ ರಾಶಿ ಯಾರು ಹೊಲೀತಾರೆ?”

“ಹೊಲಿಗೆ ಬಿಡಿ ಅಂದ್ನಾ? ಕಂಪ್ಯೂಟರನ್ನ ಮಿಷನ್ ಪಕ್ಕಕ್ಕೆ ತನ್ನಿ. ಸ್ವಲ್ಪ ಹೊತ್ತು ಜೊತೆಗೆ ಆಡಿ, ಆಮೇಲೆ ಆಫ್ ಮಾಡಿ. ಅದರಲ್ಲಿ ಕಂಡ ಬಣ್ಣನ ಈ ಡಬ್ಬೀಲಿ ಹುಡುಕಿಸಿ. ನಿಮ್ಮನೇಲಿರೋಷ್ಟು ಬಣ್ಣ ನಮ್ಮ ಶಿಶುವಿಹಾರದಲ್ಲೂ ಇಲ್ಲ.”

“ನನ್ನ ಹತ್ರ ಗುಂಡಿ ಎಣಿಸಲಿ,” ಅಂದಳು ಅತ್ತೆ. “ನಾನಂತೂ ಬಾತಿಗಿಂತ ಜಾಸ್ತಿ ಮಾತಾಡ್ತೀನಿ.”

“ಅದು ಊರಿಗೇ ಗೊತ್ತು,” ಅಂದಳು ಅಕ್ಕ.

ಪಿಟ್ಟಿ ತಲೆ ಸವರಿಕೊಳ್ಳುತ್ತಾ ಟೀಚರ್‌ಗೆ ಮೆಲ್ಲಗೆ ಹೇಳುತ್ತಿದ್ದಳು: “ಬಾತಣ್ಣ ಹೊಡೆಯಲ್ಲ.”

ಆ ಮಾತು ಅಕ್ಕನಿಗೆ ಸೂಜಿ ಉಗುರಿಗೆ ಇಳಿದ ಹಾಗೆ ಆಯಿತು.

ಅಂದೇ ಕಂಪ್ಯೂಟರ್ ಮಿಷನ್ ಪಕ್ಕಕ್ಕೆ ಬಂತು. ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ಆಟ, ಅದೂ ಜೊತೆಯಾಗಿ. ಮಿಕ್ಕ ಹೊತ್ತು ಡಬ್ಬಿ, ಗುಂಡಿ, ಅಜ್ಜಿಯ ಹರಟೆ. ಸಮವಸ್ತ್ರದ ರಾಶಿ ಕರಗುವ ಹೊತ್ತಿಗೆ ಒಂದು ಮಧ್ಯಾಹ್ನ ಅಕ್ಕ ಕೆಂಪು ಬಟ್ಟೆಯೊಂದನ್ನು ಕೈಗೆತ್ತಿಕೊಂಡು ಕೇಳಿದಳು, “ಇದಕ್ಕೆ ಯಾವ ದಾರ ಬೇಕು ಪಿಟ್ಟೀ?”

ಪಿಟ್ಟಿ ಕಿತ್ತಳೆ ಬಣ್ಣದ್ದನ್ನು ತಂದಳು. ಕೊಡುವಾಗ ತಲೆ ತಗ್ಗಿಸಿ ಕಣ್ಣು ಮುಚ್ಚಿಕೊಂಡಳು, ಮೊಟಕು ಬೀಳುತ್ತದೆಂದು.

ಅಕ್ಕ ಕೆಂಪು ಬಟ್ಟೆಯನ್ನು ಮಗುವಿನ ಮುಂದೆ ಹರಡಿದಳು. “ಕಣ್ಣು ಬಿಡು ಕಂದಾ. ಬಟ್ಟೆ, ದಾರ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡು.”

ಮಗು ನೋಡಿತು. ಓಡಿಹೋಗಿ, ಯಾವುದೂ ಅಲ್ಲಾಡದ ಆ ಡಬ್ಬಿಯಿಂದ ಕೆಂಪು ರೀಲನ್ನು ತಾನೇ ಆರಿಸಿ ತಂದಿತು.

ಓದುವವರೇ, ಕೇಳುವವರೇ, ಮಕ್ಕಳ ಆಟವನ್ನು ಅಟ್ಟಕ್ಕೆ ಹಾಕಬೇಡಿ, ಮಕ್ಕಳನ್ನು ಆಟಕ್ಕೇ ಒಪ್ಪಿಸಿಬಿಡಲೂ ಬೇಡಿ. ಪರದೆಯನ್ನು ನಿಮ್ಮ ಕಣ್ಣಿಗೆ ಕಾಣುವಂತಿಡಿ. ಪಕ್ಕದಲ್ಲಿ ಕೂತು ಮಾತಾಡಿ. ಅಲ್ಲಿ ಕಂಡದ್ದನ್ನು ಮನೆಯಲ್ಲಿ ಮುಟ್ಟಿಸಿ, ಎಣಿಸಿ, ಹುಡುಕಿಸಿ. ತಪ್ಪಿದರೆ ಹೊಡೆಯಬೇಡಿ. ದರ್ಜಿ ಅಕ್ಕ ಮಗಳಿಗೆ ಹೇಳಿದ್ದ ‘ಆಮೇಲೆ’ಗಳನ್ನು ಒಂದೊಂದಾಗಿ ತೀರಿಸುತ್ತಿದ್ದಾಳೆ. ಆ ಒಂದು ಮೊಟಕಿನ ಸಾಲ ಮಾತ್ರ ಹಾಗೇ ಉಳಿದಿದೆ. ನಿಮ್ಮ ಮನೆಯ ಮಗು ಈಗ “ಬಾ ನೋಡು” ಅಂತ ಕರೆಯುತ್ತಿದ್ದರೆ, ಇದನ್ನು ಇಲ್ಲೇ ಮಡಚಿಟ್ಟು ಎದ್ದುಹೋಗಿ.