ರಂಗವ್ವನ ಎರಡನೆಯ ದೀಪ

ಚಾಂದ್ ಪಾಷಾನ ಅಂಗಡಿಯ ಮುಂದೆ ರಂಗವ್ವ ನಿಂತು ಬಹಳ ಹೊತ್ತಾಗಿತ್ತು. ಮಂಡಿಪೇಟೆಗೆ ಗಾಡಿಗಳು ಬಂದು ಸೇರುವ ಹೊತ್ತು. ಮೆಣಸಿನಕಾಯಿ ಚೀಲಗಳ ಘಾಟಿಗೆ ಹೋಗುವವರು ಬರುವವರೆಲ್ಲ ಸೀನುತ್ತಿದ್ದರು. ಪಾಷಾ ಗಾಜಿನ ಪೆಟ್ಟಿಗೆಯ ಮೇಲೆ ಏಳು ಟಾರ್ಚುಗಳನ್ನು ಸಾಲಾಗಿ ಇಟ್ಟು, ಒಂದೊಂದನ್ನೇ ಹೊತ್ತಿಸಿ ತೋರಿಸಿ ಸುಸ್ತಾಗಿದ್ದ.

"ಇದು ನೋಡಕ್ಕ, ಮೂರು ಸೆಲ್ಲಿಂದು. ಊರ ಹೊರಗೆ ನಿಂತು ಬಿಟ್ರೆ ಲೋಕಿಕೆರೆ ತನಕ ಬೆಳಕು."

"ನಮಗೆ ಲೋಕಿಕೆರೆ ಕಾಣೋದು ಬ್ಯಾಡ್ರಿ ಸಾಬ್ರೆ. ನೀರಾಗ ಒಂದು ಮಾರು ಕಂಡ್ರೆ ಸಾಕು. ಆದ್ರೆ ಅದು ನಡುವೆ ಕೈ ಕೊಡಬಾರ್ದು."

"ಕೈ ಕೊಡದೇ ಇರೋದು ಅಂದ್ರೆ ಸೂರ್ಯ ಅಕ್ಕ. ಅದು ನಮ್ಮತ್ರ ಸ್ಟಾಕಿಲ್ಲ."

ರಂಗವ್ವನಿಗೆ ನಗು ಬಂತು, ಆದರೆ ಅದನ್ನು ತುಟಿಯ ಒಳಗೇ ಇಟ್ಟುಕೊಂಡಳು. ಏಳು ಟಾರ್ಚುಗಳನ್ನೂ ಪಕ್ಕಕ್ಕೆ ಸರಿಸಿ ಕೇಳಿದಳು: "ಕೆಟ್ಟು ವಾಪಸ್ ಬಂದವು ಎಲ್ಲದಾವು? ಅವನ್ನ ತೋರಿಸ್ರಿ."

ಪಾಷಾ ಅವಳ ಮುಖವನ್ನೇ ನೋಡಿದ. ಇಷ್ಟು ವರ್ಷದ ವ್ಯಾಪಾರದಲ್ಲಿ ಸತ್ತ ಟಾರ್ಚನ್ನು ನೋಡಲು ಬಂದ ಗಿರಾಕಿ ಇವಳೊಬ್ಬಳೇ. ಒಳಗಿನಿಂದ ತುಕ್ಕು ಹಿಡಿದ ಬಿಸ್ಕೀಟಿನ ಡಬ್ಬಿಯೊಂದನ್ನು ತಂದು ಮೆಟ್ಟಿಲ ಮೇಲೆ ಸುರಿದ. ರಂಗವ್ವ ಅಲ್ಲೇ ಕೂತು ಒಂದೊಂದನ್ನೇ ಎತ್ತಿ ಹಿಡಿದಳು.

"ಇದಕ್ಕೇನಾಗಿತ್ತು?"

"ಸ್ವಿಚ್ಚು."

"ಇದಕ್ಕೆ?"

"ಅದಕ್ಕೂ ಸ್ವಿಚ್ಚೇ."

"ಇದಕ್ಕೆ?"

"ಅದರ ಮ್ಯಾಲೆ ಎಮ್ಮೆ ಕಾಲಿಟ್ಟಿತ್ತು."

ಎಮ್ಮೆ ತುಳಿದದ್ದನ್ನು ಬಿಟ್ಟು ಹನ್ನೊಂದು ಟಾರ್ಚು. ಅದರಲ್ಲಿ ಎಂಟು ಸ್ವಿಚ್ಚು ಕೆಟ್ಟವು. ಹಾಗಾದರೆ ಸ್ವಿಚ್ಚೇ ಇಲ್ಲದ ಟಾರ್ಚು ಬೇಕು ಎಂದಳು. ಪಾಷಾ ಗೊಣಗುತ್ತ ಅಟ್ಟದ ಮೇಲೆ ತಡಕಾಡಿ ಚಿಕ್ಕದೊಂದನ್ನು ತೆಗೆದ. ಹಿಂದಿನ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದರೆ ಹೊತ್ತುತ್ತಿತ್ತು, ಸಡಿಲಿಸಿದರೆ ಆರುತ್ತಿತ್ತು, ಅಷ್ಟೇ. ರಂಗವ್ವ ಅದನ್ನು ಅಂಗಡಿಯ ಕುಡಿಯುವ ನೀರಿನ ಕೊಡದಲ್ಲಿ ಅದ್ದಲು ಹೋದಾಗ ಪಾಷಾ ಎರಡೂ ಕೈ ಅಡ್ಡ ಹಿಡಿದ.

"ಅದು ನಾವು ಕುಡಿಯೋ ನೀರಕ್ಕ! ಮನೆಗೆ ಹೋಗಿ ಸೈಕಲ್ ಟ್ಯೂಬು ಸುತ್ತಿ ಅದ್ದು. ಯಾರಿಗಿದು? ಯಾವ ಸಮುದ್ರಕ್ಕೆ ಹೊಂಟಾರೆ?"

"ನಮ್ಮನೆಯವರು. ಹರಿಹರದ ಹೊಳೆದಂಡಿ ಬಾವಿಗೆ."

ಪಾಷಾ ಆಮೇಲೆ ತಮಾಷೆ ಮಾಡಲಿಲ್ಲ. ಸೆಲ್ಲುಗಳನ್ನು ಹೊಸ ಪೆಟ್ಟಿಗೆ ಒಡೆದು ಕೊಟ್ಟ.

ರಂಗವ್ವನ ಗಂಡ ಮೈಲಾರಲಿಂಗಪ್ಪ ನೀರಿಗೆ ಮುಳುಗಿ ಕೆಲಸ ಮಾಡುವವನು. ಬಾವಿಗೆ ಬಿದ್ದ ಕೊಡ, ಪಂಪಿನ ಕೊಳವೆಯ ತುದಿ, ಹೊಳೆಗೆ ಜಾರಿದ ಗಾಡಿಯ ಗಾಲಿ, ಏನೇ ಆದರೂ ಉಸಿರು ಬಿಗಿಹಿಡಿದು ಇಳಿದು ತರುತ್ತಿದ್ದ. ಅವನ ತಂದೆಯೂ ಅದನ್ನೇ ಮಾಡುತ್ತಿದ್ದ. ಆ ಮನೆಯಲ್ಲಿ ತಂದೆಯ ಕಾಲದಿಂದ ಒಂದು ಕಟ್ಟಳೆ ನಡೆದುಕೊಂಡು ಬಂದಿತ್ತು. ಇಳಿಯುವವನ ಸೊಂಟದ ಹಗ್ಗವನ್ನು ಮನೆಯವರೇ ಹಿಡಿಯಬೇಕು. ಹಗ್ಗ ಹಿಡಿದವರು ಬೇಡ ಎಂದರೆ ಇಳಿಯುವ ಹಾಗಿಲ್ಲ. ಒಂದು ಸಲ ಜಗ್ಗಿದರೆ ಚೆನ್ನಾಗಿದ್ದೇನೆ ಎಂದು, ಎರಡು ಸಲ ಜಗ್ಗಿದರೆ ಎಳೆಯಿರಿ ಎಂದು. ಮೈಲಾರಲಿಂಗಪ್ಪ ಮಾತು ಕಡಿಮೆಯ ಮನುಷ್ಯ. ಹದಿನಾರು ವರ್ಷದ ಸಂಸಾರದಲ್ಲಿ ಅವನು ಬಾಯಿಂದ ಆಡಿದ್ದಕ್ಕಿಂತ ಹಗ್ಗದಲ್ಲಿ ಆಡಿದ್ದೇ ಹೆಚ್ಚೆಂದು ರಂಗವ್ವನಿಗೆ ಎಷ್ಟೋ ಸಲ ಅನ್ನಿಸಿತ್ತು.

ಹೋದ ವರ್ಷ ಇದೇ ಹೊಳೆದಂಡೆಯ ಪಂಪ್‌ಹೌಸಿನ ಬಾವಿಯಲ್ಲಿ ಹಗ್ಗ ಮಾತಾಡುವುದನ್ನು ನಿಲ್ಲಿಸಿತ್ತು. ಆ ಬಾವಿಯ ತಳದಲ್ಲಿ ಒಂದು ಸುರಂಗವಿತ್ತು. ಮನುಷ್ಯ ಬಗ್ಗಿ ಹೋಗುವಷ್ಟು ಅಗಲ, ಎರಡಾಳು ಉದ್ದ. ಅದರ ಆ ತುದಿಗೆ ಹೊಳೆಯ ಕಡೆಗೆ ಕಬ್ಬಿಣದ ಜಾಲರಿ. ಮೂವತ್ತು ಅಡಿ ನೀರಿನ ಕೆಳಗೆ, ಆ ಸುರಂಗದೊಳಗೆ, ಅವನ ಕೈಯ ಟಾರ್ಚು ಆರಿತು. ತಡವರಿಸುವಾಗ ಹಗ್ಗ ಎಲ್ಲೋ ಸಿಕ್ಕಿಕೊಂಡಿತು. ಅವನು ಬಾವಿಯ ಕಡೆ ಎಂದುಕೊಂಡು ಜಾಲರಿಯ ಕಡೆಗೇ ಹೋಗಿದ್ದ. ಮೇಲೆ ರಂಗವ್ವನ ಕೈಯಲ್ಲಿ ಹಗ್ಗ ಸುಮ್ಮನೆ ಒದ್ದೆಯಾಗಿ ಬಿದ್ದಿತ್ತು. ಕೊನೆಗೆ ಅವನು ಹೇಗೋ ಬಂದ, ಮೂಗಿನಲ್ಲಿ ರಕ್ತ ಸುರಿಸಿಕೊಂಡು. ಎರಡು ದಿನ ಮಾತಿಲ್ಲ. ಮೂರನೆಯ ದಿನ ರೊಟ್ಟಿ ಮುರಿಯುತ್ತ, "ಒಳಗ ಎರಡು ಬದಿನೂ ಒಂದೇ ಥರ ಇತ್ತು" ಎಂದ. ಅಷ್ಟೇ.

ಈಗ ಆ ಜಾಲರಿಗೆ ಮತ್ತೆ ಏನೋ ಸುತ್ತಿಕೊಂಡು ನೀರು ಬರುತ್ತಿಲ್ಲವೆಂದು ಓವರ್‌ಸಿಯರ್ ಕರಿಬಸವರಾಜ ಹೇಳಿಕಳಿಸಿದ್ದ. ಗಂಡ ಹೂಂ ಎಂದ. ರಂಗವ್ವ ಮಾತ್ರ, "ಕೈಯಾಗಿನ ಟಾರ್ಚು ಒಂದೇ ಸಾಲದು. ಜೊತೀಗೆ ಎರಡನೇ ದೀಪ ಬೇಕು, ಅದು ನಂಗೆ ಒಪ್ಪಿಗೆ ಆಗಬೇಕು. ಇಲ್ಲ ಅಂದ್ರೆ ಹಗ್ಗ ಮುಟ್ಟಲ್ಲ" ಎಂದಳು. ಹಾಗಾಗಿ ಅವಳು ದಾವಣಗೆರೆಗೆ ಬಂದದ್ದು.

ಟಾರ್ಚು ಭಾನುವಾರ ಹರಿಹರಕ್ಕೆ ಬಂತು. ಸೈಕಲ್ ಟ್ಯೂಬು ಸುತ್ತಿ ಹಂಡೆಯಲ್ಲಿ ಅದ್ದಿದರು. ನೀರೊಳಗೆ ಬೆಳ್ಳಗೆ ಉರಿಯಿತು. ಸುದ್ದಿ ಓಣಿಗೆ ಹಬ್ಬಿತು.

ಮೊದಲು ಪಕ್ಕದ ಮನೆಯ ಓಬವ್ವ ಬಂದಳು. "ಹತ್ತತೈತೇನು ನೋಡಾನ ಕೊಡು. ಜೀವದ ಪ್ರಶ್ನೆ, ಒಬ್ರು ನೋಡಿದ್ರೆ ಸಾಲದು" ಎಂದು ತಿರುಗಿಸಿ, ಹೊತ್ತಿದೆಯೆಂದು ಖಾತ್ರಿಯಾದ ಮೇಲೆ ಅದೇ ಬೆಳಕಿನಲ್ಲಿ ತನ್ನ ಮನೆಯ ಕಣಜದ ಹಿಂದೆ ಬಿದ್ದಿದ್ದ ಮೂಗುಬೊಟ್ಟಿನ ತಿರುಪನ್ನೂ ಹುಡುಕಿಕೊಂಡಳು. ಮಾಯಕೊಂಡದಿಂದ ಬಂದ ನೆಂಟರು ನಾಲ್ಕು ಜನ, ನಾಲ್ವರೂ ಬೇರೆ ಬೇರೆ ಹಂಡೆಯಲ್ಲಿ ಅದ್ದಿ ನೋಡಿದರು. ಎದುರುಮನೆಯ ಮುದುಕ ಕಣ್ಣಿಗೇ ಹಿಡಿದುಕೊಂಡು ನೋಡಿ, "ಪಸಂದ ಐತೆ" ಎಂದು ಸರ್ಟಿಫಿಕೇಟು ಕೊಟ್ಟು, ಕಣ್ಣು ಕತ್ತಲೆ ಬಂದು ಕಟ್ಟೆಯ ಮೇಲೆ ಕೂತ. ಯಾರಿಗೂ ಬೇಡ ಎನ್ನಲು ರಂಗವ್ವನಿಗೆ ಬಾಯಿ ಬರಲಿಲ್ಲ. ಎಲ್ಲರೂ ಅವಳ ಗಂಡನ ಒಳ್ಳೆಯದಕ್ಕೇ ನೋಡುತ್ತಿದ್ದರು.

ಬುಧವಾರ ಬೆಳಿಗ್ಗೆ ಬಾವಿಯ ಕಟ್ಟೆಯ ಮೇಲೆ ನಿಂತು ಅವಳು ಟಾರ್ಚಿನ ಮುಚ್ಚಳ ತಿರುಗಿಸಿದಳು. ಸುಟ್ಟ ಬೀಡಿಯ ತುದಿಯಷ್ಟು ಕೆಂಪು ಕಂಡಿತು.

ಒಂದು ಗಳಿಗೆ ಅವಳಿಗೆ ಎಲ್ಲರ ಮೇಲೂ ಸಿಟ್ಟು ಬಂತು. ಮೂರು ದಿನದಲ್ಲಿ ಅಷ್ಟೂ ಜನಕ್ಕಿಂತ ಹೆಚ್ಚು ಸಲ ಹೊತ್ತಿಸಿ ನೋಡಿದವಳು ತಾನೇ ಎಂಬುದು ಆಮೇಲೆ ನೆನಪಾಯಿತು. ಹಿಟ್ಟು ನಾದುವ ಮೊದಲೊಮ್ಮೆ, ಸೆಗಣಿ ಸಾರಿಸಿದ ಮೇಲೊಮ್ಮೆ, ಏನೂ ಕೆಲಸವಿಲ್ಲದಾಗ ಇನ್ನೊಮ್ಮೆ. ಅವಳು ಟಾರ್ಚನ್ನು ಮಡಿಲಿಗೆ ಹಾಕಿಕೊಂಡು, ಹಗ್ಗವನ್ನು ಕೆಳಗಿಟ್ಟು, ಅದರ ಪಕ್ಕದಲ್ಲೇ ಕೂತುಬಿಟ್ಟಳು.

"ಏನಾತು ರಂಗವ್ವ?" ಎಂದು ಕರಿಬಸವರಾಜ ಓಡಿಬಂದ. ಎಳೆಯ ವಯಸ್ಸಿನ ಅಧಿಕಾರಿ. ಇಸ್ತ್ರಿ ಮಾಡಿದ ಪ್ಯಾಂಟು, ತಲೆಗೆ ಟೋಪಿ. "ಪಂಪು ನಿಲ್ಲಿಸೇವಿ. ಸಂಜೆ ಒಳಗ ನೀರು ಬಿಡಬೇಕು. ಸೆಲ್ಲು ಹೋಗಿದ್ರೆ ಬಜಾರಿಂದ ಹೊಸಾವು ತರಿಸಾನ, ಹತ್ತು ನಿಮಿಷದ ಕೆಲಸ."

"ಹೋದ ವರ್ಷದ್ದೂ ಹೊಸಾ ಸೆಲ್ಲೇ ಸಾಹೇಬ್ರೆ. ಚೆನ್ನಾಗೈತೋ ಅಂತ ನೋಡಿದ್ರೆ ಖರ್ಚಾಗ್ತೈತೆ. ನೋಡದಿದ್ರೆ ಗೊತ್ತಾಗಲ್ಲ. ಸುರಂಗದೊಳಗ ಹೋದ ಮ್ಯಾಲಂತೂ ಅದು ಉರಿಯಾಕತ್ತೈತೋ ಆರೈತೋ ಮೇಲೆ ಕೂತೋಳಿಗೆ ಹೆಂಗೆ ತಿಳೀಬೇಕು?"

ಕರಿಬಸವರಾಜ ಮೈಲಾರಲಿಂಗಪ್ಪನ ಕಡೆ ನೋಡಿದ. "ನೀನಾದ್ರೂ ಹೇಳಪ್ಪ."

ಮೈಲಾರಲಿಂಗಪ್ಪ ಲಂಗೋಟಿ ಬಿಗಿದು ಸಿದ್ಧವಾಗಿ ನಿಂತಿದ್ದವನು, ಹೆಂಡತಿಯನ್ನೊಮ್ಮೆ ಹಗ್ಗವನ್ನೊಮ್ಮೆ ನೋಡಿ, ಅಂಗಿ ಎತ್ತಿಕೊಂಡು ಮತ್ತೆ ತೊಟ್ಟುಕೊಂಡ.

ಕರಿಬಸವರಾಜ ಸಿಟ್ಟಿನಿಂದ ತನ್ನ ಸೈಕಲ್ ಹತ್ತಿರ ಹೋಗಿ ಅದರ ಸ್ಟ್ಯಾಂಡನ್ನು ಒದ್ದ. ಒದೆತಕ್ಕೆ ಹಿಂದಿನ ಗಾಲಿ ಗರಗರ ತಿರುಗಿತು. ಗಾಲಿಗೆ ತಾಗಿಕೊಂಡಿದ್ದ ಡೈನಮೋ ಗುಂಯ್ ಎಂದಿತು. ಮುಂದಿನ ದೀಪ ಒಂದು ಸಲ ಮಿನುಗಿ ಆರಿತು.

ರಂಗವ್ವ ತಲೆ ಎತ್ತಿದಳು.

"ಸಾಹೇಬ್ರೆ, ಇನ್ನೊಂದ್ಸಲ ಒದೀರಿ."

"ಏನು?"

"ಸೈಕಲ್ ಒದೀರಿ ಅಂದೆ."

ಅವನು ಪೆಡಲನ್ನು ಕೈಯಲ್ಲಿ ತಿರುಗಿಸಿದ. ದೀಪ ಹೊತ್ತಿತು. ನಿಲ್ಲಿಸಿದ, ಆರಿತು. ರಂಗವ್ವ ತಾನೇ ಎದ್ದುಹೋಗಿ ತಿರುಗಿಸಿದಳು. ಹತ್ತು ಸಲ, ಇಪ್ಪತ್ತು ಸಲ. ಎಷ್ಟು ಸಲ ನೋಡಿದರೂ ಬೆಳಕು ಒಂದು ಚೂರೂ ಸವೆಯಲಿಲ್ಲ. ಅವಳ ಮುಖ ಅರಳಿತು. "ಇದಕ್ಕೆ ನಮ್ಮ ಓಣಿ ಪೂರಾ ಬಂದು ಪರೀಕ್ಷೆ ಮಾಡಿದ್ರೂ ಏನಾಗಲ್ಲ ನೋಡ್ರಿ."

ಆಮೇಲಿನ ಎರಡು ಗಂಟೆ ಆ ಪಂಪ್‌ಹೌಸು ಮದುವೆ ಮನೆಯಂತಾಯಿತು. ಪಂಪು ನಡೆಸುವ ಕರಿಯಣ್ಣ ಹಳೆಯ ಕರೆಗಂಟೆಯ ವೈರನ್ನು ಬಿಚ್ಚಿ ತಂದ. ಅವನ ಭಾವಮೈದುನ ಕಾಂಪೌಂಡರ್. ಅವನಿಂದ ಖಾಲಿಯಾದ ಸಲೈನಿನ ಬಾಟಲಿ ಬಂತು, ದಪ್ಪ ಗಾಜಿನದು, ರಬ್ಬರಿನ ಬಿರಡೆಯದು. ಸೈಕಲ್ಲಿನ ಬಲ್ಬಿಗೆ ವೈರು ಬೆಸೆದು ಬಾಟಲಿಯೊಳಗೆ ಇಳಿಬಿಟ್ಟು, ವೈರನ್ನು ಬಿರಡೆಯ ಮೂಲಕ ಹೊರಗೆಳೆದು ಡೈನಮೋಗೆ ಜೋಡಿಸಿದರು. ನೀರು ಒಳಹೋಗದಂತೆ ಬಾಯಿ ಮುಚ್ಚಲು ಏನು ಮಾಡುವುದೆಂದು ಎಲ್ಲರೂ ಯೋಚಿಸುತ್ತಿರುವಾಗ, ಕರಿಬಸವರಾಜ ಸ್ವಲ್ಪ ನಾಚಿಕೆಯಿಂದ ತನ್ನ ಚೀಲಕ್ಕೆ ಕೈ ಹಾಕಿ, ಟೆಂಡರ್ ಲಕೋಟೆಗಳಿಗೆ ಮೊಹರು ಹಾಕುವ ಕೆಂಪು ಅರಗಿನ ಕಡ್ಡಿಗಳನ್ನು ತೆಗೆದ.

"ಸರ್ಕಾರದ ಸಾಮಾನು. ಯಾರಿಗೂ ಹೇಳಬ್ಯಾಡ್ರಿ."

"ಮೊಹರೂ ಒತ್ತಿಬಿಡ್ರಿ ಸಾರ್" ಎಂದ ಕರಿಯಣ್ಣ. "ನೀರು ಹೆದರಿಕೊಂಡು ಒಳಗ ಬರಲ್ಲ."

ಬಾಟಲಿ ತೇಲದಂತೆ ಕಬ್ಬಿಣದ ತುಂಡೊಂದನ್ನು ಕಟ್ಟಿ, ಬಕೀಟಿನಲ್ಲಿ ಅದ್ದಿ ನೋಡಿದರು. ರಂಗವ್ವ ಅದನ್ನು ನೀರೊಳಗೆ ಬಿಟ್ಟು ಎಲೆಯಡಿಕೆ ಹಾಕಿಕೊಂಡು ಮುಗಿಸುವ ತನಕ ಕಾದಳು. ಒಂದು ಹನಿಯೂ ಒಳಹೋಗಿರಲಿಲ್ಲ.

"ಇದನ್ನ ಹಿಡ್ಕೊಂಡು ಸುರಂಗದಾಗ ಹೆಂಗೆ ಹೋಗ್ಲಿ? ವೈರು ಕಾಲಿಗೆ ಸುತ್ತಿಕೊಳ್ತೈತೆ" ಎಂದ ಮೈಲಾರಲಿಂಗಪ್ಪ. ಆ ಬೆಳಿಗ್ಗೆ ಅವನಾಡಿದ ಮೊದಲ ಮಾತು.

"ನೀವು ಹಿಡ್ಕೊಳ್ಳೋದು ಬ್ಯಾಡ. ಕೆಲಸಕ್ಕೆ ನಿಮ್ಮ ಕೈಯಾಗಿನ ಟಾರ್ಚು ಐತೆ. ಇದು ಸುರಂಗದ ಬಾಯಾಗ ತೂಗಾಡ್ತಿರ್ತೈತೆ. ಬಾಗಿಲು ಯಾವ ಬದಿಗೈತೆ ಅಂತ ಹೇಳೋದಷ್ಟೇ ಇದರ ಕೆಲಸ. ಆರಿದ್ರೆ ನಂಗೆ ಮೇಲಿಂದಾನೆ ಕಾಣ್ತೈತೆ, ಆ ಕ್ಷಣಾನೇ ಎಳೀತೀನಿ."

ಮೈಲಾರಲಿಂಗಪ್ಪ ಅಂಗಿ ತೆಗೆದಿಟ್ಟ.

ಪೆಡಲು ತುಳಿಯುವವರು ಯಾರು ಎಂಬ ಪ್ರಶ್ನೆ ಬಂತು. ಕರಿಯಣ್ಣನಿಗೆ ಮಂಡಿನೋವು. ಉಳಿದವನು ಕರಿಬಸವರಾಜ ಒಬ್ಬನೇ. ಅವನು ಪ್ಯಾಂಟಿನ ಅಂಚು ಮಡಚಿ, ಟೋಪಿ ತೆಗೆದು ಕರಿಯಣ್ಣನ ಕೈಗೆ ಕೊಟ್ಟು, ಸ್ಟ್ಯಾಂಡಿನ ಮೇಲೆ ನಿಂತ ಸೈಕಲ್ ಹತ್ತಿ ಕೂತ.

"ಜೋರು ತುಳೀಬ್ಯಾಡ್ರಿ, ಬಲ್ಬು ಸುಟ್ಟೀತು" ಎಂದಳು ರಂಗವ್ವ. "ಆಫೀಸಿಗೆ ಹೊಂಟಂಗೆ ತುಳೀರಿ."

"ಹಂಗಾದ್ರೆ ದೀಪಾನೇ ಹತ್ತಲ್ಲಕ್ಕ. ಮನೆಗೆ ಹೊಂಟಂಗೆ ಅನ್ನು" ಎಂದ ಕರಿಯಣ್ಣ.

ಬಾಟಲಿಯನ್ನು ಇಳಿಬಿಟ್ಟ ಮೇಲೆ ಬಾವಿಯ ಕತ್ತಲೆಯ ತಳದಲ್ಲಿ ಹಳದಿ ಚುಕ್ಕೆಯೊಂದು ಮೂಡಿತು. ಮೈಲಾರಲಿಂಗಪ್ಪ ತನ್ನ ಟಾರ್ಚು ಹಿಡಿದು, ಎದೆ ತುಂಬ ಉಸಿರೆಳೆದುಕೊಂಡು ಮುಳುಗಿದ. ಹಗ್ಗ ಒಂದು ಸಲ ಜಗ್ಗಿತು. ಸ್ವಲ್ಪ ಹೊತ್ತಿಗೆ ಮೇಲೆ ಬಂದ, ಕೈಯಲ್ಲಿ ಕರಿಯ ಕಂಬಳಿಯ ಹರಿದ ತುಂಡು. ಯಾವುದೋ ಕುರಿಗಾರನ ಕಂಬಳಿ ಹೊಳೆಯಲ್ಲಿ ತೇಲಿಬಂದು ಜಾಲರಿಗೆ ಅಪ್ಪಿಕೊಂಡಿತ್ತು. ಎರಡನೆಯ ಸಲ ಇನ್ನೊಂದು ತುಂಡು.

ಮೂರನೆಯ ಸಲ ಇಳಿದಾಗ ಹಗ್ಗ ಒಂದು ಸಲ ಜಗ್ಗಿ ಸುಮ್ಮನಾಯಿತು.

ರಂಗವ್ವ ಆ ಮೌನವನ್ನು ಬಲ್ಲಳು. ಕೆಲಸ ಮಾಡುವವನ ಮೌನಕ್ಕೆ ಹಗ್ಗದಲ್ಲಿ ಸಣ್ಣದೊಂದು ನಡುಕ ಇರುತ್ತದೆ, ಇದರಲ್ಲಿ ಅದಿರಲಿಲ್ಲ. ಅವನು ಒಳಗೆ ನಿಂತುಬಿಟ್ಟಿದ್ದ. ಅವಳು ನೀರಿನೊಳಗೆ ನೋಡಿದಳು. ಹಳದಿ ಚುಕ್ಕೆ ಅಲುಗದೆ ಉರಿಯುತ್ತಿತ್ತು. ಹಿಂದೆ ಚೈನಿನ ಕರಕರ, ಕರಿಬಸವರಾಜನ ಏದುಸಿರು.

"ನಿಲ್ಲಿಸಬ್ಯಾಡ್ರಿ" ಎಂದಳು. ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಇನ್ನೊಮ್ಮೆ ಕೂಗಿದಳು. "ಸಾಹೇಬ್ರೆ, ನಾ ಹೇಳೋ ತನಕ ನಿಲ್ಲಿಸಬ್ಯಾಡ್ರಿ!"

ಆಗ ಆ ಚುಕ್ಕೆಯ ಮುಂದೆ ಏನೋ ಅಡ್ಡ ಬಂತು. ಒಂದು ಕ್ಷಣ ಬೆಳಕು ಮರೆಯಾಗಿ ಮತ್ತೆ ಕಂಡಿತು. ಸುರಂಗದ ಬಾಯಿಯಿಂದ ಒಂದು ಮೈ ಹೊರಬರುತ್ತಿತ್ತು. ಹಗ್ಗ ಎರಡು ಸಲ ಜಗ್ಗಿತು. ರಂಗವ್ವ ಎಳೆದಳು, ಕರಿಯಣ್ಣ ಮಂಡಿನೋವು ಮರೆತು ಅವಳ ಜೊತೆ ಕೈ ಹಾಕಿದ.

ಮೈಲಾರಲಿಂಗಪ್ಪ ಕಟ್ಟೆಯ ಮೇಲೆ ಬಂದು ಕೂತು, ಉಳಿದ ಕಂಬಳಿಯನ್ನು ಪಕ್ಕಕ್ಕೆಸೆದ. ಮೂಗಿನಲ್ಲಿ ರಕ್ತವಿರಲಿಲ್ಲ. ಕೈಯ ಟಾರ್ಚು ಆರಿಹೋಗಿತ್ತು.

"ಜಾಲರಿಗೆ ಬಡೀತು, ಆರಿಹೋತು" ಎಂದ ಉಸಿರು ಸುಧಾರಿಸಿಕೊಂಡು. ಮುಂದುವರಿಸಿದ: "ತಿರುಗಿ ನೋಡಿದೆ. ಬಾಗಿಲು ಕಾಣ್ತು."

ಅವಳು ಸೆರಗಿನಿಂದ ಅವನ ತಲೆ ಒರೆಸಿದಳು, ಮಕ್ಕಳಿಗೆ ಒರೆಸುವಂತೆ ಸ್ವಲ್ಪ ಒರಟಾಗಿಯೇ. ಕರಿಯಣ್ಣ ಚಹಾ ತಂದ. ಮೂವರೂ ಕಟ್ಟೆಯ ಮೇಲೆ ಕೂತು ಬಸಿಯಲ್ಲಿ ಊದಿಕೊಂಡು ಕುಡಿದರು. ಕರಿಯಣ್ಣ ಕಂಬಳಿಯ ತುಂಡುಗಳನ್ನು ಬಿಸಿಲಿಗೆ ಹರವಿ, ಹೊಲಿದರೆ ಇನ್ನೊಂದು ಚಳಿಗಾಲಕ್ಕೆ ಬಂದೀತು ಎಂದು ಲೆಕ್ಕ ಹಾಕುತ್ತಿದ್ದ. ರಂಗವ್ವ ಬಾವಿಯೊಳಗೆ ಇಣುಕಿದಳು. ಯಾರೂ ಇಲ್ಲದ ತಳದಲ್ಲಿ ದೀಪ ಇನ್ನೂ ಉರಿಯುತ್ತಿತ್ತು. ನೋಡುತ್ತ ನೋಡುತ್ತ ಅವಳ ಎದೆಯೊಳಗೆ ಒಂದು ವರ್ಷದಿಂದ ಕೂತಿದ್ದ ಭಾರ ಸಡಿಲವಾಯಿತು.

ಬೆನ್ನ ಹಿಂದಿನಿಂದ ದೀನವಾದ ದನಿಯೊಂದು ಬಂತು.

"ರಂಗವ್ವ, ಈಗಾದ್ರೂ ನಿಲ್ಲಿಸ್ಲೇನು?"

ಬೆವರಿನಿಂದ ತೊಯ್ದ ಅಂಗಿಯಲ್ಲಿ ಕರಿಬಸವರಾಜ ಇನ್ನೂ ತುಳಿಯುತ್ತಲೇ ಇದ್ದ. ಮೈಲಾರಲಿಂಗಪ್ಪ ಬಸಿ ಕೆಳಗಿಟ್ಟು ಜೋರಾಗಿ ನಕ್ಕ. ಅವನ ನಗುವಿಗೆ ಅಷ್ಟು ದೊಡ್ಡ ಸದ್ದಿದೆಯೆಂದು ರಂಗವ್ವನಿಗೇ ಗೊತ್ತಿರಲಿಲ್ಲ.

"ಇಳೀರಿ ಸಾಹೇಬ್ರೆ, ಇಳೀರಿ" ಎಂದಳು ಅವಳು, ನಗು ತಡೆಯದೆ. "ಚಹಾ ಆರಾಕತ್ತೈತೆ."