ನೀಲಿ ಹಾಳೆಯ ಹೆಂಗಸು

"ಇಲ್ಲಿ ನೀಲಿ ಹಾಳೆ ಮಾತ್ರ," ಎಂದು ಬೊಜೆನಾ ಕಡತವನ್ನು ಎದೆಮಟ್ಟಕ್ಕೆ ಎತ್ತಿ ಹಿಡಿದಳು. "ಕೆಂಪು ಹಾಳೇಲಿ ಇರೋದು ಯುದ್ಧದ ಕಾಲದ ಫೋಟೋ. ನೀಲಿ ಹಾಳೇಲಿ ಇರೋದು ಆ ಕಾಲದ ಬಗ್ಗೆ ಎಷ್ಟೋ ವರ್ಷದ ಮೇಲೆ ತೆಗೆದ ಸಿನಿಮಾದ್ದು. ಈ ಅಂಗಳದಲ್ಲಿ ಬರೀ ಶೂಟಿಂಗ್ ಆಯ್ತು. ಯೆಹೂದ್ಯರನ್ನ ಕೂಡಿಹಾಕಿದ್ದ ಗೆಟ್ಟೋ ಇದ್ದದ್ದು ನದಿಯ ಆಚೆ. ದಯವಿಟ್ಟು ಎರಡನ್ನೂ ಕಲಸ್ಕೋಬೇಡಿ."

ಹನ್ನೊಂದು ಜನ ತಲೆಯಾಡಿಸಿದರು. ಬೊಜೆನಾ ಪೋಲೆಂಡಿನ ಕ್ರಾಕೋವಿನ ಬೀದಿಗಳಲ್ಲಿ ಪ್ರವಾಸಿಗರನ್ನು ನಡೆಸಲು ತೊಡಗಿ ಹದಿನಾಲ್ಕು ವರ್ಷ. ಹೀಗೆ ತಲೆಯಾಡಿಸಿದವರೇ ಹೋಟೆಲಿಗೆ ಹೋಗಿ ಎರಡನ್ನೂ ಕಲಸಿಕೊಳ್ಳುತ್ತಾರೆಂದು ಅವಳಿಗೆ ಗೊತ್ತಿತ್ತು.

ಹಾಳೆಯ ಚಿತ್ರದಲ್ಲಿ ಇದೇ ಅಂಗಳದ ಮರದ ಮೆಟ್ಟಿಲು. ತಲೆಗೆ ವಸ್ತ್ರ ಕಟ್ಟಿದ ಹೆಂಗಸೊಬ್ಬಳು ಸೂಟ್‌ಕೇಸ್ ಹಿಡಿದು ಇಳಿಯುತ್ತಿದ್ದಳು.

ಹಿಂದೆ ನಿಂತಿದ್ದ ಮುದುಕಿ ಕೋಲೂರಿಕೊಂಡು ಮುಂದೆ ಬಂದಳು. ಹೆಸರು ಗಿಟ್ಲಾ, ವಯಸ್ಸು ಎಂಬತ್ತೊಂಬತ್ತು. ಹುಟ್ಟಿದ್ದು ಇದೇ ಊರಿನಲ್ಲಿ, ಬದುಕಿದ್ದು ಇಸ್ರೇಲಿನ ಹೈಫಾದಲ್ಲಿ. ಚಿತ್ರದ ಮೇಲೆ ಬೆರಳಿಟ್ಟು ತನ್ನ ಬಾಲ್ಯದ ಪೋಲಿಷ್ ಭಾಷೆಯಲ್ಲೇ ಹೇಳಿದಳು:

"ಇವಳು ನಮ್ಮಮ್ಮ."

"ಅಮ್ಮಾ, ಅದು ಸಿನಿಮಾ. ಯಾರೋ ನಟಿ," ಎಂದಳು ಜೊತೆಗಿದ್ದ ಮಗಳು ಓರ್ನಾ.

"ನನಗೆ ನಮ್ಮಮ್ಮನ ಗುರುತು ಸಿಗಲ್ವೇನೇ? ನೀನೇನು ನೋಡಿದ್ಯಾ ಅವಳನ್ನ?"

ಓರ್ನಾ ಬೊಜೆನಾಳನ್ನು ಪಕ್ಕಕ್ಕೆ ಕರೆದಳು. "ಅಜ್ಜಿಯ ಒಂದು ಫೋಟೋನೂ ಉಳಿದಿಲ್ಲ. ಮುಖ ಮರೆತುಹೋಯ್ತು ಅಂತ ಅಮ್ಮ ನನ್ನ ಚಿಕ್ಕಂದಿನಿಂದ ಅಳ್ತಿದ್ಲು. ಕೊನೇ ಸಲ ಅಜ್ಜೀನ ಕಂಡ ಜಾಗದಲ್ಲಿ, ನಮ್ಮಲ್ಲಿ ಸತ್ತವರ ನೆನಪಿಗೆ ಇಡೋ ಹಾಗೆ, ಒಂದು ಕಲ್ಲು ಇಟ್ಟು ಬರ್ತೀನಿ, ಅದೊಂದೇ ಆಸೆ ಅಂತ ಹಟ ಹಿಡಿದು ಬಂದಿದ್ದಾಳೆ. ಈಗ ಇಲ್ಲೇ ಇಡ್ತೀನಿ ಅಂದ್ರೆ ನಾನೇನು ಮಾಡ್ಲಿ?"

ಗಿಟ್ಲಾ ಆಗಲೇ ಕೋಟಿನ ಜೇಬಿನಿಂದ ಬೆಣಚುಕಲ್ಲು ತೆಗೆದು ಮೆಟ್ಟಿಲಿನತ್ತ ಹೊರಟಿದ್ದಳು.

ಬೊಜೆನಾಳಿಗೆ ದಿಕ್ಕು ತೋಚಲಿಲ್ಲ. ಸುಮ್ಮನಿದ್ದರೆ ಮುದುಕಿಗೆ ಒಂದು ಮುಖವೂ ಸಿಕ್ಕಿತು, ಕಲ್ಲಿಡಲು ಒಂದು ಜಾಗವೂ ಸಿಕ್ಕಿತು. ಆದರೆ ಆ ಮುಖ ಯಾರದು? ಶೂಟಿಂಗ್ ನಡೆದಾಗ ಬೊಜೆನಾಳಿಗೆ ಇಪ್ಪತ್ತಮೂರು. ಎರಡು ದಿನದ ಕೆಲಸ, ಮಧ್ಯಾಹ್ನಕ್ಕೆ ಬಿಸಿ ಸೂಪು. ಕಣ್ಣ ಕೆಳಗೆ ಕಪ್ಪು ಬಳಿದು ಮೂವತ್ತರವಳನ್ನಾಗಿ ಮಾಡಿದ್ದರು. ಆರನೆಯ ಸಲ ಮೆಟ್ಟಿಲಿಳಿಯುವಾಗ ಯಾರೂ ಹೇಳದೆಯೇ ಅಳು ಬಂದಿತ್ತು. ಏಕೆಂದು ಇಂದಿಗೂ ತಿಳಿಯದು.

"ಗಿಟ್ಲಾ ಅವರೇ, ನಿಲ್ಲಿ," ಎಂದಳು. "ಆ ಫೋಟೋದಲ್ಲಿ ಇರೋದು ನಾನು."

ಮುದುಕಿ ತಿರುಗಿದಳು. ಹತ್ತಿರ ಬಂದು ಬೊಜೆನಾಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ಹಾಳೆ ನೋಡಿದಳು, ಮತ್ತೆ ಮುಖ ನೋಡಿದಳು.

"ವಯಸ್ಸಾಗಿದೆ ನಿನಗೆ," ಎಂದಳು.

"ಆಗಿದೆ."

"ಆ ಸೂಟ್‌ಕೇಸು ಭಾರ ಇತ್ತಾ?"

"ಇಲ್ಲ. ಒಳಗೆ ಹಳೇ ಪೇಪರ್ ತುರುಕಿದ್ರು."

"ನಮ್ಮಮ್ಮಂದು ಭಾರ ಇತ್ತು," ಎಂದಳು ಗಿಟ್ಲಾ. ಹಣೆ ಗಂಟಿಕ್ಕಿತು. "ಒಂದು ಕೈ ಸೋತುಹೋಯ್ತು ಅಂತ ಇನ್ನೊಂದು ಕೈಗೆ ತಗೊಂಡ್ಲು. ನಾನಿನ್ನೂ ಪುಟ್ಟವಳು, ಕೈ ಮೇಲಕ್ಕೆ ಚಾಚಿ ಹಿಡ್ಕೊಂಡಿದ್ದೆ. ತಗೋಬೇಕಾದ್ರೆ ನನ್ನ ಕೈ ಬಿಟ್ಲು. ಅಷ್ಟೊತ್ತಿಗೆ ಜನ ನುಗ್ಗಿದ್ರು."

ಓರ್ನಾ ತಾಯಿಯನ್ನೇ ನೋಡುತ್ತ ನಿಂತಳು. "ಇದನ್ನ ನೀನು ಯಾವತ್ತೂ ಹೇಳಿರ್ಲಿಲ್ಲ."

"ಈಗ ನೆನಪಾದ್ರೆ ಈಗ ತಾನೇ ಹೇಳೋದು? ಅಲ್ಲಿ ಮೆಟ್ಟಿಲಿರ್ಲಿಲ್ಲ. ಬಯಲು. ದೊಡ್ಡ ಚೌಕ." ಕಲ್ಲು ಮತ್ತೆ ಜೇಬಿಗೆ ಹೋಯಿತು.

ಸೇತುವೆ ದಾಟಿ ಗೆಟ್ಟೋದ ಚೌಕ ಸೇರಲು ಅರ್ಧ ಗಂಟೆಯಾಯಿತು. ಮುದುಕಿಯ ನಡಿಗೆಗೆ ಎಲ್ಲರೂ ಹೆಜ್ಜೆ ಸಣ್ಣದು ಮಾಡಿಕೊಂಡರು.

ಚೌಕದ ತುಂಬ ಕಬ್ಬಿಣದ ಖಾಲಿ ಕುರ್ಚಿಗಳು. ಅಂಚಿನ ಕುರ್ಚಿಯೊಂದರಲ್ಲಿ ತರಕಾರಿ ಚೀಲ ಹಿಡಿದ ಹೆಂಗಸೊಬ್ಬಳು ಟ್ರಾಮಿಗಾಗಿ ಕಾಯುತ್ತಿದ್ದಳು.

"ಈ ಕುರ್ಚಿಗಳೂ ಸಿನಿಮಾದವೇನಮ್ಮಾ?" ಎಂದು ಗಿಟ್ಲಾ ಬೊಜೆನಾಳನ್ನು ಕೇಳಿದಳು.

"ಅಲ್ಲ. ಇಲ್ಲಿಂದ ಕೊಲ್ಲೋಕೆ ಒಯ್ದವರ ನೆನಪಿಗೆ ಇಟ್ಟದ್ದು."

"ಹಾಗಾದ್ರೆ ಅವಳ್ಯಾಕೆ ಕೂತಿದ್ದಾಳೆ?"

ಬೊಜೆನಾ ಅಭ್ಯಾಸದಂತೆ ಕೆಂಪು ಹಾಳೆ ತೆರೆದಳು. ಇದೇ ಚೌಕ, ಜನಜಂಗುಳಿ, ಗಂಟುಮೂಟೆ. ಯಾರ ಮುಖವೂ ಸ್ಪಷ್ಟವಿಲ್ಲ. ಗಿಟ್ಲಾ ಬಹಳ ಹೊತ್ತು ನೋಡಿದಳು. ಯಾರ ಮೇಲೂ ಬೆರಳಿಡಲಿಲ್ಲ.

ಮುದುಕಿ ಕುರ್ಚಿಗಳ ನಡುವೆ ನಡೆದಳು. ಒಂದರ ಮುಂದೆ ನಿಂತಳು, ಅಲ್ಲವೆಂದು ತಲೆಯಾಡಿಸಿ ಇನ್ನೊಂದರತ್ತ ಹೋದಳು, ಮತ್ತೆ ಹಿಂದಕ್ಕೆ ಬಂದಳು. ಅಂದು ಬಣ್ಣ ಕಳೆದುಕೊಂಡಿದ್ದ ಕಟ್ಟಡಗಳಿಗೆಲ್ಲ ಈಗ ಹೊಸ ಸುಣ್ಣ, ಹೊಸ ಅಂಗಡಿಗಳು. ಕೊನೆಗೆ ಚೌಕದ ನಟ್ಟನಡುವೆ ನಿಂತು ಕೋಲನ್ನು ಓರ್ನಾಳಿಗೆ ಕೊಟ್ಟಳು.

ಟ್ರಾಮು ಬಂತು. ತರಕಾರಿಯ ಹೆಂಗಸು ಎದ್ದು ಹತ್ತಿಕೊಂಡಳು.

ಗಿಟ್ಲಾ ಕಲ್ಲನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿದಳು. ಖಾಲಿಯಾದ ಬಲಗೈಯನ್ನು ಯಾರ ಕಡೆಗೂ ನೋಡದೆ ಮೇಲಕ್ಕೆ, ತನ್ನ ತಲೆಗಿಂತ ಎತ್ತರಕ್ಕೆ, ಚಾಚಿ ನಿಂತಳು.